ಪ್ಲೇಟ್‌ಲೆಟ್ ಕುರಿತು ಮೂರು ನಿಮಿಷದ ಅನಿಮೇಷನ್ ಚಿತ್ರ ಮಾಡುವ ಬಗೆ

ಮಳೆಗಾಲ ಹಿಡಿದು ಡೆಂಗಿ ಜ್ವರ ಹರಡತೊಡಗಿದೊಡನೆ ಕರ್ನಾಟಕದ ಆಸ್ಪತ್ರೆಗಳಲ್ಲಿಯೂ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿಯೂ ಒಂದೇ ಪ್ರಶ್ನೆ ಓಡಾಡುತ್ತದೆ: ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿದಿದೆ? ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿದ 2024ರಲ್ಲಂತೂ ಈ ಪ್ರಶ್ನೆ ಇನ್ನಷ್ಟು ಜೋರಾಗಿ ಕೇಳಿಬಂತು. ಆದರೆ ರಕ್ತದಲ್ಲಿರುವ ಈ ಚಿಕ್ಕ ಕಣ ದೇಹದಲ್ಲಿ ಮಾಡುವ ಕೆಲಸವೇನು, ಅದು ಕಡಿಮೆಯಾದಾಗ ನಿಜವಾಗಿ ಆಗುವುದೇನು ಎಂಬುದನ್ನು ಮಕ್ಕಳಿಗೆ ತೋರಿಸಿಕೊಡುವ ಸಾಮಗ್ರಿ ಕನ್ನಡದಲ್ಲಿ ಸಾಲದು. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಜೀವಕ್ರಿಯೆಗಳ ಪಾಠದಲ್ಲಿ ಪ್ಲೇಟ್‌ಲೆಟ್‌ಗೆ ಸಿಗುವುದು ಒಂದು ಚಿಕ್ಕ ಪ್ಯಾರಾ ಮಾತ್ರ. ಆ ಪ್ಯಾರಾವನ್ನು ಮೂರು ನಿಮಿಷದ ಚಿತ್ರವಾಗಿ ಬೆಳೆಸಬಯಸುವ ವಿಜ್ಞಾನ ಶಿಕ್ಷಕರಿಗೆ, ಅನಿಮೇಷನ್ ಕಲಿಯುತ್ತಿರುವವರಿಗೆ ಮತ್ತು ಆರೋಗ್ಯ ಶಿಕ್ಷಣದಲ್ಲಿ ತೊಡಗಿದವರಿಗೆ ಈ ಮಾರ್ಗದರ್ಶಿ ಉದ್ದೇಶಿತವಾಗಿದೆ.

ಕೆಲಸಕ್ಕೆ ಕೂರುವ ಮೊದಲೇ ಒಂದು ನಿರ್ಧಾರವಾಗಬೇಕು. ಕಥೆಯನ್ನು ಪ್ಲೇಟ್‌ಲೆಟ್‌ನಿಂದ ಆರಂಭಿಸದೆ ರಕ್ತನಾಳದ ಗೋಡೆಯಿಂದ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಗೋಡೆ ಸರಿಯಿರುವಾಗ ಪ್ಲೇಟ್‌ಲೆಟ್ ಏನನ್ನೂ ಮಾಡುವುದಿಲ್ಲ. ಗೋಡೆ ಹರಿದ ಕ್ಷಣದಲ್ಲಿ ಎಲ್ಲವನ್ನೂ ಮಾಡುತ್ತದೆ. ಡೆಂಗಿಯಲ್ಲಿ ರೋಗಿಯನ್ನು ಅಪಾಯಕ್ಕೆ ದೂಡುವುದೂ ಮುಖ್ಯವಾಗಿ ಸೋರತೊಡಗಿದ ಗೋಡೆಯೇ. ಈ ಮೂರು ಸ್ಥಿತಿಗಳನ್ನು ಒಂದೊಂದು ನಿಮಿಷಕ್ಕೆ ಹಂಚಿಕೊಂಡರೆ ಚಿತ್ರದ ಚೌಕಟ್ಟು ತಾನಾಗಿ ಸಿದ್ಧವಾಗುತ್ತದೆ.

ಮೊದಲು ನೋಡಬೇಕಾದ ಎರಡು ಸರಣಿಗಳು

ದೇಹದ ಕೋಶಗಳಿಗೆ ಮುಖ, ಮಾತು ಕೊಟ್ಟು ಕಥೆ ಹೇಳುವ ಪದ್ಧತಿಗೆ ಹಳೆಯ ಮತ್ತು ಪ್ರಸಿದ್ಧ ಉದಾಹರಣೆಯೆಂದರೆ ಆಲ್ಬೇರ್ ಬರಿಲೆ ಅವರು ಫ್ರಾನ್ಸ್‌ನಲ್ಲಿ ರೂಪಿಸಿದ ‘ಒನ್ಸ್ ಅಪಾನ್ ಎ ಟೈಮ್... ಲೈಫ್’ ಎಂಬ 26 ಕಂತುಗಳ ಸರಣಿ. 1987ರಲ್ಲಿ ಪ್ರಸಾರ ಕಂಡ ಅದರಲ್ಲಿ ಪ್ಲೇಟ್‌ಲೆಟ್‌ಗೇ ಮೀಸಲಾದ ಒಂದು ಕಂತು ಇದೆ. ಇನ್ನೊಂದು ಜಪಾನಿನ ‘ಸೆಲ್ಸ್ ಅಟ್ ವರ್ಕ್’. ಅಕಾನೆ ಶಿಮಿಜು ಅವರ ಮಾಂಗಾವನ್ನು (ಜಪಾನಿ ಕಾಮಿಕ್ಸ್) ಆಧರಿಸಿ ಡೇವಿಡ್ ಪ್ರೊಡಕ್ಷನ್ ಸಂಸ್ಥೆ 2018ರಲ್ಲಿ ತಯಾರಿಸಿದ ಈ ಸರಣಿಯಲ್ಲಿ ಕೆಂಪು ರಕ್ತಕಣಗಳು ಪೆಟ್ಟಿಗೆ ಹೊತ್ತು ಆಮ್ಲಜನಕ ತಲುಪಿಸುವ ನೌಕರರಾಗಿಯೂ ಬಿಳಿ ರಕ್ತಕಣಗಳು ಚೂರಿ ಹಿಡಿದ ಕಾವಲಿನವರಾಗಿಯೂ ಕಾಣಿಸಿಕೊಳ್ಳುತ್ತವೆ. ಪ್ಲೇಟ್‌ಲೆಟ್‌ಗಳು ಟೋಪಿ ಹಾಕಿಕೊಂಡ ಶಿಶುವಿಹಾರದ ವಯಸ್ಸಿನ ಪುಟಾಣಿಗಳು. ಪ್ರೇಕ್ಷಕರು ಹೆಚ್ಚು ಮೆಚ್ಚಿಕೊಂಡ ಪಾತ್ರಗಳಲ್ಲಿ ಈ ಪುಟಾಣಿಗಳೂ ಸೇರಿದ್ದಾರೆ.

ಎರಡನೆಯ ಸರಣಿಯ ತರಚುಗಾಯದ ಕಂತನ್ನು ಒಮ್ಮೆ ಮನರಂಜನೆಗಾಗಿಯೂ ಇನ್ನೊಮ್ಮೆ ಕಾಗದ ಪೆನ್ಸಿಲ್ ಹಿಡಿದೂ ನೋಡುವುದು ಒಳ್ಳೆಯದು. ಅದರಲ್ಲಿ ಸರಿಯಾಗಿರುವುದು ಬಹಳವಿದೆ. ಪ್ಲೇಟ್‌ಲೆಟ್‌ಗಳು ಗಾತ್ರದಲ್ಲಿ ಚಿಕ್ಕವು, ಒಬ್ಬೊಬ್ಬರಾಗಿ ಅಲ್ಲದೆ ಗುಂಪಾಗಿ ಕೆಲಸ ಮಾಡುತ್ತವೆ, ಗಾಯದ ಮೇಲೆ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳ ಬಲೆ ಹರಡಿಕೊಳ್ಳುತ್ತದೆ, ಆ ಬಲೆಯಲ್ಲಿ ಇತರ ರಕ್ತಕಣಗಳೂ ಸಿಕ್ಕಿಕೊಳ್ಳುತ್ತವೆ ಎಂಬ ಸಂಗತಿಗಳೆಲ್ಲ ನೋಡುಗನ ಮನಸ್ಸಿನಲ್ಲಿ ಉಳಿಯುತ್ತವೆ. ಆದರೆ ಆ ಲೋಕ ಒಂದು ನಗರ. ಅಲ್ಲಿ ಕೋಶಗಳು ನೆಲದ ಮೇಲೆ ನಡೆದಾಡುತ್ತವೆ. ಹಾಗಾಗಿ ರಕ್ತ ಹರಿಯುವ ದ್ರವ ಎಂಬುದೇ ಮರೆಯಾಗುತ್ತದೆ. ಅಲ್ಲದೆ ಪುಟಾಣಿಗಳು ಬಲೆಯನ್ನು ಹೊರಗಿನಿಂದ ತಂದು ಹಾಸಿ, ತಾವು ಮೊದಲಿದ್ದಂತೆಯೇ ಉಳಿಯುತ್ತಾರೆ. ದೇಹದೊಳಗಿನ ಪ್ಲೇಟ್‌ಲೆಟ್ ಹಾಗೆ ಉಳಿಯುವುದಿಲ್ಲ. ಅದು ತನ್ನ ಆಕಾರವನ್ನೇ ಬದಲಿಸಿಕೊಂಡು, ತನ್ನಲ್ಲಿದ್ದುದನ್ನೆಲ್ಲ ಹೊರಚೆಲ್ಲಿ, ಹೆಪ್ಪಿನ ಭಾಗವಾಗಿಯೇ ಮುಗಿದುಹೋಗುತ್ತದೆ. ನಮ್ಮ ಮೂರು ನಿಮಿಷದ ಚಿತ್ರ ಈ ಹರಿವನ್ನೂ ಈ ರೂಪಾಂತರವನ್ನೂ ತೋರಿಸಬೇಕು. ಮುಖ, ಕಣ್ಣು, ಟೋಪಿ ಬೇಕೇ ಬೇಡವೇ ಎಂಬುದು ಆಮೇಲಿನ ಮಾತು. ನನ್ನನ್ನು ಕೇಳಿದರೆ ಬೇಡ, ಏಕೆಂದರೆ ಮುಖವಿರುವ ಪಾತ್ರ ಚಪ್ಪಟೆಯಾಗಿ ಹರಡಿ ಗೋಡೆಗೆ ಅಂಟಿಕೊಂಡರೆ ಸಣ್ಣ ಮಕ್ಕಳು ಅದನ್ನು ಸಾವೆಂದೇ ಓದಿಕೊಳ್ಳುತ್ತಾರೆ.

ಅಳತೆ, ಸಂಖ್ಯೆ, ಬಣ್ಣ

ಬ್ಲೆಂಡರ್, ಕ್ರೀಟಾ, ಓಪನ್‌ಟೂನ್ಜ್ ಮುಂತಾದ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೂ ಶಾಲೆಯೊಂದರಲ್ಲಿ ಮಕ್ಕಳ ಜೊತೆ ಸೇರಿ ಮಾಡುವುದಾದರೆ ಕಾಗದದ ಕಟೌಟ್‌ಗಳನ್ನು ಕಪ್ಪು ಚಾರ್ಟ್ ಹಾಳೆಯ ಮೇಲೆ ಸರಿಸುತ್ತ ಮೊಬೈಲ್‌ನಲ್ಲಿ ಒಂದೊಂದೇ ಚಿತ್ರ ತೆಗೆಯುವ ಸ್ಟಾಪ್ ಮೋಷನ್ ವಿಧಾನವೇ ಮೇಲು. ಕತ್ತರಿ ಹಿಡಿದು ಬಿಲ್ಲೆ ಕತ್ತರಿಸುವಾಗಲೇ ಮಕ್ಕಳಿಗೆ ಅಳತೆಯ ಪಾಠ ಆಗಿಬಿಡುತ್ತದೆ. ಮುಂದಿನ ಅಳತೆಗಳನ್ನೆಲ್ಲ ಈ ವಿಧಾನಕ್ಕೆ ಹೊಂದಿಸಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಮಾಡುವವರೂ ಇದೇ ಅನುಪಾತವನ್ನು ಇಟ್ಟುಕೊಳ್ಳಬಹುದು.

ಒಂದು ಮೈಕ್ರೋಮೀಟರ್ ಎಂದರೆ ಹಾಳೆಯ ಮೇಲೆ 4 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. ಸುಮಾರು 7.5 ಮೈಕ್ರೋಮೀಟರ್ ಅಗಲದ ಕೆಂಪು ರಕ್ತಕಣ ಆಗ 3 ಸೆಂಟಿಮೀಟರಿನ ಬಿಲ್ಲೆಯಾಗುತ್ತದೆ. ಪ್ಲೇಟ್‌ಲೆಟ್‌ನ ಅಗಲ 2ರಿಂದ 3 ಮೈಕ್ರೋಮೀಟರ್ ಇರುವುದರಿಂದ ಅದು 1 ಸೆಂಟಿಮೀಟರಿನ ಬಿಲ್ಲೆ. ಬಿಳಿ ರಕ್ತಕಣಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿರುವ ನ್ಯೂಟ್ರೋಫಿಲ್‌ಗೆ 5ರಿಂದ 6 ಸೆಂಟಿಮೀಟರ್ ಬೇಕು. 50 ಮೈಕ್ರೋಮೀಟರ್ ಅಗಲದ ಸಣ್ಣ ರಕ್ತನಾಳಕ್ಕೆ ಹಾಳೆಯ ಮೇಲೆ 20 ಸೆಂಟಿಮೀಟರ್ ಜಾಗ ಬಿಡಬೇಕು. ಅಸ್ಥಿಮಜ್ಜೆಯಲ್ಲಿರುವ ಮೆಗಾಕ್ಯಾರಿಯೋಸೈಟ್ ಎಂಬ ತಾಯಿಕೋಶ 50ರಿಂದ 100 ಮೈಕ್ರೋಮೀಟರ್ ಅಗಲವಿರುತ್ತದೆ. ಈ ಅಳತೆಯಲ್ಲಿ ಅದು 20ರಿಂದ 40 ಸೆಂಟಿಮೀಟರ್ ಆಗಿ ಹಾಳೆಯ ಬಹುಭಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಅಂಥ ಒಂದೊಂದು ಕೋಶವೂ ತನ್ನ ಚಾಚುಗಳನ್ನು ರಕ್ತನಾಳದೊಳಕ್ಕೆ ಇಳಿಬಿಟ್ಟು ಸಾವಿರಾರು ಪ್ಲೇಟ್‌ಲೆಟ್‌ಗಳನ್ನು ಹರಿಯಬಿಡುತ್ತದೆ ಎಂಬುದನ್ನು ತೋರಿಸಲು ಹತ್ತು ಸೆಕೆಂಡಿನ ಒಂದು ಶಾಟ್ ಸಾಕು.

ಅಳತೆಗಿಂತ ಹೆಚ್ಚಾಗಿ ತಪ್ಪುವುದು ಸಂಖ್ಯೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಕೆಂಪು ಕಣಗಳು ಹತ್ತಿರ ಹತ್ತಿರ 50 ಲಕ್ಷ, ಪ್ಲೇಟ್‌ಲೆಟ್‌ಗಳು 1.5 ಲಕ್ಷದಿಂದ 4.5 ಲಕ್ಷ, ಬಿಳಿ ಕಣಗಳು 4,000ದಿಂದ 11,000 ಇರುತ್ತವೆ. ಅಂದರೆ ಇಪ್ಪತ್ತು ಕೆಂಪು ಬಿಲ್ಲೆಗಳಿಗೆ ಒಂದು ಪ್ಲೇಟ್‌ಲೆಟ್ ಸಾಕು. ಅರವತ್ತು ಕೆಂಪು ಬಿಲ್ಲೆಗಳ ಹಾಳೆಯಲ್ಲಿ ಪ್ಲೇಟ್‌ಲೆಟ್‌ಗಳು ಮೂರೇ ಇರಬೇಕು. ಬಿಳಿ ಕಣಕ್ಕಂತೂ ಆ ಹಾಳೆಯಲ್ಲಿ ಲೆಕ್ಕಪ್ರಕಾರ ಜಾಗವೇ ಇಲ್ಲ. ಆದರೂ ಅದನ್ನು ಒಮ್ಮೆ ಚೌಕಟ್ಟಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾಯಿಸಬೇಕು, ಏಕೆಂದರೆ ಡೆಂಗಿಯ ಸಂದರ್ಭದಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗಿದ್ದನ್ನು ಬಿಳಿ ರಕ್ತಕಣ ಕಡಿಮೆಯಾಗಿದೆ ಎಂದು ಹೇಳುವ ರೂಢಿ ನಮ್ಮಲ್ಲಿ ಬಲವಾಗಿದೆ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಅಕ್ಕಪಕ್ಕ ಕಂಡವರು ಮತ್ತೆ ಆ ಗೊಂದಲಕ್ಕೆ ಬೀಳುವುದು ಕಷ್ಟ.

ಇದೇ ಕಾರಣಕ್ಕೆ ಪ್ಲೇಟ್‌ಲೆಟ್‌ಗೆ ಬಿಳಿ ಬಣ್ಣ ಕೊಡಬಾರದು. ಜೀವಂತ ಪ್ಲೇಟ್‌ಲೆಟ್‌ಗೆ ಹೆಚ್ಚುಕಡಿಮೆ ಬಣ್ಣವೇ ಇಲ್ಲ. ಪ್ರಯೋಗಾಲಯದಲ್ಲಿ ಲೀಶ್‌ಮನ್ ಬಣ್ಣ ಹಾಕಿದ ಸ್ಲೈಡಿನ ಮೇಲೆ ಅದು ನೇರಳೆ ಹರಳುಗಳ ಚಿಕ್ಕ ಚುಕ್ಕೆಯಾಗಿ ಕಾಣುತ್ತದೆ. ನೇರಳೆಯನ್ನೇ ಆರಿಸಿಕೊಂಡರೆ ಮುಂದೆ ಸ್ಲೈಡಿನ ದೃಶ್ಯ ಬಂದಾಗ ಹೊಸದಾಗಿ ವಿವರಿಸುವ ಅಗತ್ಯ ಬೀಳದು. ಸಾಧ್ಯವಿದ್ದರೆ ಹತ್ತಿರದ ಆಸ್ಪತ್ರೆಯ ಪ್ರಯೋಗಾಲಯದವರನ್ನು ವಿನಂತಿಸಿ, ತೈಲ ಹಾಕಿ ನೋಡುವ ನೂರುಪಟ್ಟಿನ ಮಸೂರದಲ್ಲಿ ಅಂಥ ಒಂದು ಸ್ಲೈಡನ್ನು ಕಣ್ಣಾರೆ ನೋಡಬೇಕು. ತಿಳಿಗುಲಾಬಿ ಬಿಲ್ಲೆಗಳ ನಡುವೆ ಅಲ್ಲೊಂದು ಇಲ್ಲೊಂದು ಬಿದ್ದ ಆ ಚುಕ್ಕೆಗಳ ಅಂಚು ಸ್ವಲ್ಪ ಕೆದರಿದಂತಿರುತ್ತದೆ, ಒಳಗೆ ಬೀಜಕೇಂದ್ರ ಇರುವುದಿಲ್ಲ. ಚಿತ್ರಕಾರನ ಕೈಗೆ ಆ ಒಂದು ನೋಟ ಕಲಿಸುವುದನ್ನು ಪುಸ್ತಕದ ರೇಖಾಚಿತ್ರ ಕಲಿಸುವುದಿಲ್ಲ.

ಮೊದಲ ನಿಮಿಷ: ಏನೂ ನಡೆಯದ ರಕ್ತನಾಳ

ಏನೂ ನಡೆಯದಿರುವುದನ್ನು ಒಂದು ನಿಮಿಷ ತೋರಿಸುವುದು ಧೈರ್ಯದ ಕೆಲಸ. ಆದರೆ ಇದನ್ನು ಕತ್ತರಿಸಬಾರದು. ಹರಿಯುವ ರಕ್ತದಲ್ಲಿ ಕೆಂಪು ಕಣಗಳು ನಾಳದ ನಡುಭಾಗದಲ್ಲಿ ದಟ್ಟವಾಗಿ ಸಾಗುತ್ತವೆ. ಅವುಗಳ ಒತ್ತಡಕ್ಕೆ ಸಣ್ಣ ಪ್ಲೇಟ್‌ಲೆಟ್‌ಗಳು ಅಂಚಿಗೆ ಸರಿದು ಗೋಡೆಯ ಬಳಿಯಲ್ಲೇ ಸಾಗುತ್ತವೆ. ಗಾಯವಾದಾಗ ಅವು ತಕ್ಷಣ ಸಿಗುವುದು ಈ ಕಾರಣದಿಂದ. ನಡುವಿನ ಹರಿವು ವೇಗ, ಅಂಚಿನ ಹರಿವು ನಿಧಾನ ಎಂಬುದನ್ನೂ ಪಾಲಿಸಬೇಕು.

ಕಟೌಟ್ ವಿಧಾನದಲ್ಲಿ ಇದಕ್ಕೊಂದು ಸುಲಭದ ದಾರಿಯಿದೆ. ಸೆಕೆಂಡಿಗೆ 12 ಫ್ರೇಮ್ ಎಂದು ಹಿಡಿದರೂ ಮೂರು ನಿಮಿಷಕ್ಕೆ 2,160 ಚಿತ್ರಗಳು ಬೇಕಾಗುತ್ತವೆ, ಅಷ್ಟನ್ನೂ ತೆಗೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ನಡುವಿನ ಸಾಲಿನ ಕೆಂಪು ಬಿಲ್ಲೆಗಳನ್ನು 8 ಸೆಂಟಿಮೀಟರ್ ಅಂತರದಲ್ಲಿಟ್ಟು ಪ್ರತಿ ಫ್ರೇಮಿಗೆ 2 ಸೆಂಟಿಮೀಟರ್ ಸರಿಸಿದರೆ ನಾಲ್ಕನೆಯ ಸರಿಕೆಗೆ ಪ್ರತಿ ಬಿಲ್ಲೆಯೂ ತನ್ನ ಮುಂದಿನ ಬಿಲ್ಲೆಯ ಜಾಗಕ್ಕೆ ಬಂದು ನಿಲ್ಲುತ್ತದೆ. ಅಂಚಿನ ಸಾಲನ್ನು 4 ಸೆಂಟಿಮೀಟರ್ ಅಂತರದಲ್ಲಿಟ್ಟು ಅರ್ಧ ಸೆಂಟಿಮೀಟರ್‌ನಂತೆ ಸರಿಸಿದರೆ ಎಂಟನೆಯ ಸರಿಕೆಗೆ ಅದೂ ಹಾಗೆಯೇ ಕೂಡಿಕೊಳ್ಳುತ್ತದೆ. ಹೀಗಾಗಿ ಎಂಟೇ ಎಂಟು ಚಿತ್ರಗಳನ್ನು ಮತ್ತೆ ಮತ್ತೆ ಓಡಿಸಿ ಹರಿವನ್ನು ಬೇಕಾದಷ್ಟು ಹೊತ್ತು ತೋರಿಸಬಹುದು. ಪ್ಲೇಟ್‌ಲೆಟ್‌ಗಳು ಕಾಣುವ ಶಾಟ್‌ಗಳನ್ನು ಮಾತ್ರ ಪ್ರತ್ಯೇಕವಾಗಿ, ಪೂರ್ತಿಯಾಗಿ ತೆಗೆಯಬೇಕು. ಮೊಬೈಲ್ ಅಲುಗದಂತೆ ಟ್ರೈಪಾಡ್‌ಗೆ ಬಿಗಿಯಬೇಕು, ಕಿಟಕಿಯ ಬೆಳಕನ್ನು ನಂಬದೆ ದೀಪದ ಬೆಳಕಿನಲ್ಲಿ ಕೆಲಸ ಮಾಡಬೇಕು. ಮೋಡ ಸರಿದಾಗಲೆಲ್ಲ ಚಿತ್ರ ಮಿಣುಕಿದರೆ ಎಂಥ ಒಳ್ಳೆಯ ಚಲನೆಯೂ ಹಾಳಾಗುತ್ತದೆ.

ಗೋಡೆಯ ಒಳಪದರವನ್ನು ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸಿದ ಚಪ್ಪಟೆ ಕೋಶಗಳಾಗಿ ಬಿಡಿಸಬೇಕು, ಬರಿಯ ಗೆರೆಯಾಗಿ ಅಲ್ಲ. ಈ ಕೋಶಗಳು ನೈಟ್ರಿಕ್ ಆಕ್ಸೈಡ್ ಮತ್ತು ಪ್ರೋಸ್ಟಾಸೈಕ್ಲಿನ್ ಎಂಬ ವಸ್ತುಗಳನ್ನು ಸದಾ ಬಿಡುಗಡೆ ಮಾಡುತ್ತ ಪಕ್ಕದಲ್ಲೇ ಸಾಗುವ ಪ್ಲೇಟ್‌ಲೆಟ್‌ಗಳು ಕೆರಳದಂತೆ ಕಾಯುತ್ತವೆ. ಗೋಡೆಯಿಂದ ಹೊಮ್ಮುವ ತಿಳಿನೀಲಿ ಚುಕ್ಕೆಗಳಾಗಿ ಇದನ್ನು ತೋರಿಸಬಹುದು. ಪ್ಲೇಟ್‌ಲೆಟ್ ಹುಟ್ಟಿದ 7ರಿಂದ 10 ದಿನಗಳಲ್ಲಿ, ಒಂದು ಗಾಯವನ್ನೂ ಕಾಣದೆ, ಗುಲ್ಮದಲ್ಲಿಯೋ ಯಕೃತ್ತಿನಲ್ಲಿಯೋ ಕೊನೆಗೊಳ್ಳುವುದೇ ಹೆಚ್ಚು ಎಂಬ ಮಾತನ್ನು ನಿರೂಪಣೆಯಲ್ಲಿ ಇಲ್ಲಿಯೇ ಸೇರಿಸಬೇಕು. ದಿನವೂ ಹತ್ತು ಸಾವಿರ ಕೋಟಿಯಷ್ಟು ಹೊಸ ಪ್ಲೇಟ್‌ಲೆಟ್‌ಗಳು ತಯಾರಾಗುತ್ತವೆ ಎಂದು ಕೇಳಿದ ಮಗುವಿಗೆ ಮುಂದೆ ಡೆಂಗಿಯ ಭಾಗದಲ್ಲಿ ಸಂಖ್ಯೆ ಮತ್ತೆ ಏರುವುದು ಸಹಜವಾಗಿ ಕಾಣುತ್ತದೆ.

ಎರಡನೆಯ ನಿಮಿಷ: ಗೋಡೆ ಹರಿದಾಗ

ಮಗು ಬಿದ್ದು ಮೊಣಕಾಲು ತರಚಿಕೊಂಡಿತು ಎಂಬ ಸಾಮಾನ್ಯ ಸನ್ನಿವೇಶವೇ ಇಲ್ಲಿಗೆ ಸಾಕು. ಒಳಪದರದ ಎರಡು ಮೂರು ಕೋಶಗಳನ್ನು ತೆಗೆದೊಡನೆ ಕೆಳಗಿದ್ದ ಕೊಲಾಜನ್ ನಾರುಗಳು ಬಯಲಾಗಬೇಕು; ಹಾಳೆಯ ಕೆಳಗೆ ಮೊದಲೇ ಗೋಣಿನಾರನ್ನು ಅಂಟಿಸಿಟ್ಟರೆ ಈ ಕ್ಷಣ ಕಣ್ಣಿಗೆ ರಾಚುತ್ತದೆ. ನಾಳ ಕೂಡಲೇ ಸ್ವಲ್ಪ ಸಂಕುಚಿತವಾಗುತ್ತದೆ. ರಕ್ತದಲ್ಲಿ ಮುದುಡಿಕೊಂಡು ತೇಲುತ್ತಿದ್ದ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನು ಬಯಲಾದ ಕೊಲಾಜನ್‌ಗೆ ಅಂಟಿಕೊಂಡು, ಹರಿವಿನ ಎಳೆತಕ್ಕೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ಸಾಗುತ್ತಿದ್ದ ಪ್ಲೇಟ್‌ಲೆಟ್‌ನ ಮೈಮೇಲಿನ ಗ್ರಾಹಕಗಳು ಅದಕ್ಕೆ ಸಿಕ್ಕಿ, ಪ್ಲೇಟ್‌ಲೆಟ್ ಮೊದಲು ಉರುಳುತ್ತದೆ, ನಿಧಾನಿಸುತ್ತದೆ, ಆಮೇಲೆ ನಿಲ್ಲುತ್ತದೆ. ಈ ಮೂರು ಹಂತಗಳು ಬೇರೆಬೇರೆಯಾಗಿ ಕಾಣಬೇಕು. ಬಹಳಷ್ಟು ಚಿತ್ರಗಳಲ್ಲಿ ಪ್ಲೇಟ್‌ಲೆಟ್ ಅಯಸ್ಕಾಂತಕ್ಕೆ ಸೆಳೆದಂತೆ ದೂರದಿಂದ ನೇರವಾಗಿ ಗಾಯಕ್ಕೆ ಹಾರಿಬರುತ್ತದೆ. ಹಾಗೆ ದೂರದಿಂದ ಗುರುತಿಸಿ ಬರುವ ಶಕ್ತಿ ಅದಕ್ಕಿಲ್ಲ. ಹರಿವು ಅದನ್ನು ಅಲ್ಲಿಗೆ ತರುತ್ತದೆ, ಹರಿದ ಗೋಡೆ ಅದನ್ನು ಹಿಡಿಯುತ್ತದೆ.

ಬಂದು ನಿಂತ ಪ್ಲೇಟ್‌ಲೆಟ್‌ಗೆ ಮೂರು ಬದಲಿ ಕಟೌಟ್‌ಗಳು ಬೇಕು. ಮೊದಲನೆಯದು ನಯವಾದ ಬಿಲ್ಲೆ. ಎರಡನೆಯದು ಸುತ್ತಲೂ ಮುಳ್ಳಿನಂಥ ಚಾಚುಗಳು ಹೊರಟ ಗುಂಡು. ಮೂರನೆಯದು ಬಿಸಿ ಕಾವಲಿಯ ಮೇಲೆ ದೋಸೆಹಿಟ್ಟು ಹರಡಿಕೊಂಡಂತೆ, ನಡುವೆ ತುಸು ಉಬ್ಬಿ ಅಂಚಿನಲ್ಲಿ ತೆಳ್ಳಗಾದ, ಮೊದಲಿನ ಎರಡು ಪಟ್ಟು ಅಗಲದ ಆಕಾರ. ಪೊರೆಯ ಮಡಿಕೆಗಳು ಪ್ಲೇಟ್‌ಲೆಟ್‌ನ ಒಳಗಡೆಯೇ ಅಡಗಿರುವುದರಿಂದ ಅದಕ್ಕೆ ಇಷ್ಟು ಹಿಗ್ಗಲು ಸಾಧ್ಯವಾಗುತ್ತದೆ. ಹರಡಿಕೊಳ್ಳುತ್ತಲೇ ಅದು ಎಡಿಪಿ, ಥ್ರಾಂಬಾಕ್ಸೇನ್ ಮುಂತಾದ ವಸ್ತುಗಳನ್ನು ಹೊರಬಿಟ್ಟು, ಹಾದುಹೋಗುತ್ತಿರುವ ಇತರ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತದೆ. ಅವು ಫೈಬ್ರಿನೋಜನ್ ಎಂಬ ಪ್ರೋಟೀನಿನ ಮೂಲಕ ಒಂದಕ್ಕೊಂದು ಬೆಸೆದುಕೊಂಡು ತೂತಿಗೆ ಬೆಣೆಯಾಗುತ್ತವೆ. ಬೆಣೆ ಗಾಯದ ಮೇಲೆ ಬೆಳೆಯಬೇಕೇ ಹೊರತು ನಾಳವನ್ನು ಪೂರ್ತಿ ಮುಚ್ಚಬಾರದು, ಏಕೆಂದರೆ ಅಕ್ಕಪಕ್ಕದ ಸರಿಯಿರುವ ಗೋಡೆಯಿಂದ ಹೊಮ್ಮುತ್ತಿರುವ ಆ ತಿಳಿನೀಲಿ ಚುಕ್ಕೆಗಳು ಅದನ್ನು ಅಲ್ಲಿಗೇ ತಡೆಯುತ್ತವೆ.

ಕೊನೆಯ ಹಂತ ಫೈಬ್ರಿನ್ ಬಲೆ. ಪ್ಲೇಟ್‌ಲೆಟ್‌ಗಳ ಮೇಲ್ಮೈಯಲ್ಲಿ, ಕ್ಯಾಲ್ಸಿಯಂ ನೆರವಿನಿಂದ, ಹೆಪ್ಪುಗಟ್ಟಿಸುವ ಅಂಶಗಳು ಒಂದರ ಹಿಂದೊಂದು ಚುರುಕುಗೊಂಡು ಥ್ರಾಂಬಿನ್ ಉತ್ಪತ್ತಿಯಾಗುತ್ತದೆ. ಈ ಕಿಣ್ವ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಕರಗಿರುವ ಫೈಬ್ರಿನೋಜನ್ನನ್ನು ಫೈಬ್ರಿನ್ ಎಳೆಗಳಾಗಿ ಮಾರ್ಪಡಿಸುತ್ತದೆ. ಇಷ್ಟು ಹೇಳಿದರೆ ಪ್ರೌಢಶಾಲೆಗೆ ಸಾಕು, ಹನ್ನೆರಡು ಅಂಶಗಳ ಹೆಸರುಗಳ ಪಟ್ಟಿ ಬೇಡ. ಒಂದು ಫೈಬ್ರಿನ್ ಎಳೆಯ ದಪ್ಪ ಸುಮಾರು 0.1 ಮೈಕ್ರೋಮೀಟರ್, ನಮ್ಮ ಹಾಳೆಯಲ್ಲಿ ಅದು 0.4 ಮಿಲಿಮೀಟರ್, ಮನೆಯ ಹೊಲಿಗೆ ದಾರ ಹೆಚ್ಚುಕಡಿಮೆ ಅದೇ ದಪ್ಪದ್ದು. ದಾರದ ತುಂಡುಗಳನ್ನು ಬೆಣೆಯ ಮೇಲೆ ಒಂದೊಂದಾಗಿ ಇಡುತ್ತ ಚಿತ್ರ ತೆಗೆದು, ನಡುವೆ ಕೆಲವು ಕೆಂಪು ಬಿಲ್ಲೆಗಳನ್ನು ಸಿಕ್ಕಿಸಬೇಕು. ಆಮೇಲೆ ಇಡೀ ಹೆಪ್ಪು ಸ್ವಲ್ಪ ಕುಗ್ಗಿ ಗಾಯದ ಅಂಚುಗಳನ್ನು ಹತ್ತಿರ ಎಳೆಯುವುದನ್ನು ತೋರಿಸಬೇಕು. ಪ್ಲೇಟ್‌ಲೆಟ್‌ಗಳೇ ದಾರಗಳನ್ನು ಒಳಕ್ಕೆಳೆದು ಈ ಕೆಲಸ ಮಾಡುತ್ತವೆ. ಪರದೆಯ ಮೂಲೆಯಲ್ಲಿ ಒಂದು ಗಡಿಯಾರ ಇರಲಿ: ಅಂಟಿಕೊಳ್ಳುವುದು ಸೆಕೆಂಡುಗಳಲ್ಲಿ, ಬೆಣೆ ಕೆಲವು ನಿಮಿಷಗಳಲ್ಲಿ, ಕುಗ್ಗುವುದು ಒಂದು ಗಂಟೆಯ ಆಸುಪಾಸಿನಲ್ಲಿ, ಹೆಪ್ಪು ಕರಗುವುದು ದಿನಗಳಲ್ಲಿ.

ದೊಡ್ಡ ತರಗತಿಯವರಿಗಾಗಿ ಚಿತ್ರ ಮಾಡುತ್ತಿದ್ದರೆ ಇಲ್ಲಿ ಹತ್ತು ಸೆಕೆಂಡು ಹೆಚ್ಚಿಗೆ ತೆಗೆದುಕೊಂಡು ಅದೇ ದೃಶ್ಯವನ್ನು ಹೃದಯದ ರಕ್ತನಾಳದಲ್ಲಿ ಮತ್ತೆ ತೋರಿಸಬಹುದು. ಅಲ್ಲಿ ಗೋಡೆಯ ಒಳಗೆ ಕಟ್ಟಿಕೊಂಡ ಕೊಬ್ಬಿನ ಗಡ್ಡೆ ಒಡೆದಾಗ ಪ್ಲೇಟ್‌ಲೆಟ್ ಮಾಡುವುದು ಇದೇ ಕೆಲಸ, ಆದರೆ ಪರಿಣಾಮ ಹೃದಯಾಘಾತ. ಆಸ್ಪಿರಿನ್ ಪ್ಲೇಟ್‌ಲೆಟ್‌ನಲ್ಲಿರುವ ಒಂದು ಕಿಣ್ವವನ್ನು ಶಾಶ್ವತವಾಗಿ ತಡೆದು ಥ್ರಾಂಬಾಕ್ಸೇನ್ ತಯಾರಾಗದಂತೆ ಮಾಡುತ್ತದೆ. ಬೀಜಕೇಂದ್ರವಿಲ್ಲದ ಪ್ಲೇಟ್‌ಲೆಟ್ ಆ ಕಿಣ್ವವನ್ನು ಹೊಸದಾಗಿ ಮಾಡಿಕೊಳ್ಳಲಾರದ್ದರಿಂದ ಔಷಧದ ಪರಿಣಾಮ ಅದರ ಆಯುಷ್ಯ ಮುಗಿಯುವವರೆಗೂ ಉಳಿಯುತ್ತದೆ. ಡೆಂಗಿ ಇರಬಹುದೆಂಬ ಅನುಮಾನವಿರುವಾಗ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ಬಿಟ್ಟು ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ ಕೊಡಬೇಕೆಂಬ ವೈದ್ಯರ ಸೂಚನೆಗೆ ಕಾರಣವನ್ನೂ ಹೀಗೆ ಮುಂಚಿತವಾಗಿಯೇ ಹೇಳಿದಂತಾಗುತ್ತದೆ.

ಮೂರನೆಯ ನಿಮಿಷ: ಡೆಂಗಿಯಲ್ಲಿ ಸೋರುವ ಗೋಡೆ

ಈ ಭಾಗವನ್ನು ಸಂಖ್ಯೆ ಇಳಿಯುವ ಗ್ರಾಫಿನಿಂದ ಆರಂಭಿಸುವ ಆಸೆಯನ್ನು ತಡೆದುಕೊಳ್ಳಬೇಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗುವುದಕ್ಕೆ ಅಸ್ಥಿಮಜ್ಜೆಯಲ್ಲಿ ತಯಾರಿಕೆ ತಾತ್ಕಾಲಿಕವಾಗಿ ಕುಗ್ಗುವುದೂ ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಬೇಗ ನಾಶವಾಗುವುದೂ ಕಾರಣ. ಆದರೆ ತೀವ್ರ ಡೆಂಗಿಯಲ್ಲಿ ಪ್ರಾಣಕ್ಕೆ ಸಂಚಕಾರ ತರುವುದು ಹೆಚ್ಚಾಗಿ ಪ್ಲಾಸ್ಮಾ ಸೋರಿಕೆ. ಗೋಡೆಯ ಕೋಶಗಳ ನಡುವಿನ ಬಿಗಿ ಸಡಿಲವಾಗಿ ರಕ್ತದ ದ್ರವಭಾಗ ಹೊರಕ್ಕೆ ಜಿನುಗುತ್ತದೆ, ಕಣಗಳು ಒಳಗೇ ಉಳಿಯುತ್ತವೆ, ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಇದನ್ನು ತೋರಿಸಲು ನಾಳದ ಹಿನ್ನೆಲೆಗೆ ಹಳದಿ ಬಣ್ಣದ ಪಾರದರ್ಶಕ ಕಾಗದ ಹಾಸಿ, ಫ್ರೇಮಿನಿಂದ ಫ್ರೇಮಿಗೆ ಅದರ ಪಟ್ಟಿಗಳನ್ನು ಗೋಡೆಯ ಸಂದುಗಳ ಮೂಲಕ ಹೊರಗೆಳೆಯುತ್ತ, ಅದೇ ಹೊತ್ತಿಗೆ ಕೆಂಪು ಬಿಲ್ಲೆಗಳನ್ನು ಒಂದಕ್ಕೊಂದು ಹತ್ತಿರ ಸರಿಸಬೇಕು. ರಕ್ತಪರೀಕ್ಷೆಯ ವರದಿಯಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಎಂದು ಬರೆದಿರುವ ಸಾಲು ಅಳೆಯುವುದು ಈ ದಟ್ಟಣೆಯನ್ನೇ. ರೋಗಿಯ ಮೊದಲಿನ ಮಟ್ಟ 40 ಇದ್ದದ್ದು 48ಕ್ಕೆ ಏರಿದರೆ ಅದು ಶೇ. 20ರ ಏರಿಕೆ, ಗಣನೀಯ ಸೋರಿಕೆಯ ಗುರುತು. ಪರದೆಯ ಮೇಲೆ ವರದಿಯ ಎರಡು ಸಾಲುಗಳನ್ನು ಒಟ್ಟಿಗೆ ಬರೆದು, ಒಂದು ಇಳಿಯುತ್ತಿರುವಾಗ ಇನ್ನೊಂದು ಏರುವುದನ್ನು ತೋರಿಸಿದರೆ ಪ್ಲೇಟ್‌ಲೆಟ್ ಸಾಲೊಂದನ್ನೇ ದಿಟ್ಟಿಸುವ ಅಭ್ಯಾಸ ಸಡಿಲವಾಗುತ್ತದೆ.

ಕಾಲದ ವಿಷಯದಲ್ಲಿ ಎಚ್ಚರ ಅಗತ್ಯ. ಅಪಾಯದ ಘಟ್ಟ ಬರುವುದು ಜ್ವರ ಏರಿದ್ದಾಗ ಅಲ್ಲ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಜ್ವರ ಇಳಿಯುವ ಹೊತ್ತಿನಲ್ಲಿ ಅದು ಆರಂಭವಾಗಿ 24ರಿಂದ 48 ಗಂಟೆ ಇರುತ್ತದೆ. ಜ್ವರ ಬಿಟ್ಟಿತೆಂದು ಮನೆಯವರು ನಿರಾಳವಾಗುವ ದಿನವೇ ಅದಾಗಿರುವುದರಿಂದ ಈ ಶಾಟಿನಲ್ಲಿ ಸಂಗೀತವನ್ನು ಹಗುರಗೊಳಿಸಬಾರದು. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಮಂಕು ಇಲ್ಲವೆ ಚಡಪಡಿಕೆ, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು — ಇವುಗಳಲ್ಲಿ ಯಾವುದೇ ಕಂಡರೂ ಸಂಖ್ಯೆ ಎಷ್ಟೇ ಇರಲಿ ಕೂಡಲೇ ಆಸ್ಪತ್ರೆಗೆ ಹೋಗಬೇಕೆಂಬ ಮಾತು ಪರದೆಯ ಮೇಲೆ ಕನಿಷ್ಠ ಹದಿನೈದು ಸೆಕೆಂಡು ನಿಲ್ಲಬೇಕು. ಚರ್ಮದ ಮೇಲಿನ ರಕ್ತದ ಸೂಜಿಮೊನೆ ಚುಕ್ಕೆಗಳನ್ನು ಬೇರೆ ಗುಳ್ಳೆಗಳಿಂದ ಪ್ರತ್ಯೇಕಿಸಲು ಪಾರದರ್ಶಕ ಗಾಜಿನ ಲೋಟವನ್ನು ಒತ್ತಿ ನೋಡುವ ಉಪಾಯವಿದೆ. ಒತ್ತಿದಾಗಲೂ ಅವು ಮಾಯವಾಗುವುದಿಲ್ಲ. ನಿಜವಾದ ಕೈಯ ಮೇಲೆ ಚಿತ್ರೀಕರಿಸಿದರೆ ಈ ದೃಶ್ಯ ಅನಿಮೇಷನ್‌ಗಿಂತ ಚೆನ್ನಾಗಿ ಕೂಡುತ್ತದೆ.

ಸ್ಲೈಡಿನ ಶಾಟ್ ಬರಬೇಕಾದ ಜಾಗ ಇದು. ನೂರುಪಟ್ಟಿನ ಮಸೂರದ ಒಂದು ನೋಟದಲ್ಲಿ ಕಾಣುವ ಪ್ಲೇಟ್‌ಲೆಟ್‌ಗಳ ಸರಾಸರಿಯನ್ನು 15,000ದಿಂದ ಗುಣಿಸಿ ಅಂದಾಜು ಮಾಡುವ ಹಳೆಯ ಕ್ರಮ ಇಂದಿಗೂ ಬಳಕೆಯಲ್ಲಿದೆ. ಹತ್ತು ಚುಕ್ಕೆ ಕಂಡರೆ 1.5 ಲಕ್ಷ, ಎರಡೇ ಕಂಡರೆ 30,000. ಯಂತ್ರದ ಎಣಿಕೆ ಕೆಲವೊಮ್ಮೆ ಸುಳ್ಳಾಗಿ ಕಡಿಮೆ ಬರುತ್ತದೆ: ನೇರಳೆ ಮುಚ್ಚಳದ ಕೊಳವೆಯಲ್ಲಿರುವ ಇಡಿಟಿಎ ರಾಸಾಯನಿಕಕ್ಕೆ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ ಅಂಟಿಕೊಳ್ಳುತ್ತವೆ, ಯಂತ್ರ ಆ ಗುಂಪುಗಳನ್ನು ಎಣಿಸಲಾರದು. ಆಗ ಸ್ಲೈಡ್ ನೋಡಿ, ನೀಲಿ ಮುಚ್ಚಳದ ಸಿಟ್ರೇಟ್ ಕೊಳವೆಯಲ್ಲಿ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಅಂಟಿಕೊಂಡ ಚುಕ್ಕೆಗಳ ಒಂದು ಗುಂಪನ್ನು ಎರಡು ಸೆಕೆಂಡು ತೋರಿಸಿದರೂ ಹಿರಿಯ ವಿದ್ಯಾರ್ಥಿಗಳು ಅದನ್ನು ಹಿಡಿದುಕೊಳ್ಳುತ್ತಾರೆ.

ಪ್ಲೇಟ್‌ಲೆಟ್ ಕೊಡಿಸುವ ವಿಚಾರವನ್ನು ಒಂದೇ ವಾಕ್ಯದಲ್ಲಿ ಮುಗಿಸುವುದು ಲೇಸು, ಏಕೆಂದರೆ ಅದು ವೈದ್ಯರ ತೀರ್ಮಾನ. ರಕ್ತಸ್ರಾವವಿಲ್ಲದ ಡೆಂಗಿ ರೋಗಿಗೆ ಎಣಿಕೆ 20,000ಕ್ಕಿಂತ ಕೆಳಗಿಳಿದರೂ ಮುನ್ನೆಚ್ಚರಿಕೆಯ ಹೆಸರಿನಲ್ಲಿ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ, 10,000ಕ್ಕಿಂತ ಕೆಳಗೆ ಹೋದಾಗ ಕೊಡಬಹುದು ಎಂಬುದು ನಮ್ಮ ರಾಷ್ಟ್ರೀಯ ಮಾರ್ಗಸೂಚಿಯ ನಿಲುವು. ಸಿಂಗಪುರ ಮತ್ತು ಮಲೇಷ್ಯಾದ ವಯಸ್ಕ ರೋಗಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೂ ಹಾಗೆ ಮುಂಚಿತವಾಗಿ ಏರಿಸುವುದರಿಂದ ರಕ್ತಸ್ರಾವ ತಪ್ಪಲಿಲ್ಲವೆಂದೂ ಅಡ್ಡಪರಿಣಾಮಗಳು ಹೆಚ್ಚಿದವೆಂದೂ ಕಂಡುಕೊಂಡಿತು. ಪಪ್ಪಾಯಿ ಎಲೆಯ ರಸದ ಮಾತು ತರಗತಿಯಲ್ಲಿ ಬಂದೇ ಬರುತ್ತದೆ. ಅದನ್ನು ಚಿತ್ರದಲ್ಲಿ ಸೇರಿಸಬಾರದು. ಪ್ರಶ್ನೆ ಬಂದರೆ, ಅದು ಆಸ್ಪತ್ರೆಯ ನಿಗಾಕ್ಕೂ ದ್ರವ ಕೊಡುವುದಕ್ಕೂ ಬದಲಿಯಾಗದು, ಎಣಿಕೆ ಏರಿದರೂ ಸೋರುವ ಗೋಡೆ ಅದರಿಂದ ಮುಚ್ಚಿತೆಂದು ಅರ್ಥವಲ್ಲ ಎಂದು ಉತ್ತರಿಸಿದರೆ ಸಾಕು.

ಮಲೆನಾಡಿನ ಶಾಲೆಗಳವರು ಈ ನಿಮಿಷವನ್ನು ಮಂಗನ ಕಾಯಿಲೆಗೆ ಹೊಂದಿಸಿಕೊಳ್ಳಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗಿನಿಂದ ಹರಡುವ ಆ ಜ್ವರದಲ್ಲಿಯೂ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವ ಆಗುವುದುಂಟು. ಆದರೆ ಪ್ಲಾಸ್ಮಾ ಸೋರಿಕೆಯ ಶಾಟನ್ನು ಅಲ್ಲಿಗೆ ಹಾಗೆಯೇ ಎತ್ತಿ ಹಾಕಬಾರದು. ಆ ಕಾಯಿಲೆ ಕಂಡ ವೈದ್ಯರೊಬ್ಬರ ಜೊತೆ ಕುಳಿತು ಬೇರೆ ಶಾಟ್ ಬರೆದುಕೊಳ್ಳಬೇಕು.

ನಿರೂಪಣೆ ಮತ್ತು ಪರಿಶೀಲನೆ

ಮೂರು ನಿಮಿಷಕ್ಕೆ 270 ಪದಗಳನ್ನು ಮೀರಿದರೆ ಮಕ್ಕಳಿಗೆ ನೋಡಲು ಬಿಡುವು ಸಿಗುವುದಿಲ್ಲ. ಕ್ರಿಯೆ ನಡೆಯುವಾಗ ಮಾತು ನಿಲ್ಲಬೇಕು, ಮುಗಿದ ಮೇಲೆ ಬರಬೇಕು. ಮಾದರಿಗೆ ಎರಡನೆಯ ನಿಮಿಷದ ಆರಂಭ ಹೀಗಿರಬಹುದು: “ಗೋಡೆ ಇಲ್ಲಿ ಹರಿಯಿತು. ಒಳಗಿನ ನಾರು ಈಗ ರಕ್ತಕ್ಕೆ ತಾಗುತ್ತಿದೆ. ಪಕ್ಕದಲ್ಲೇ ಸಾಗುತ್ತಿದ್ದ ಈ ಪ್ಲೇಟ್‌ಲೆಟ್ ನಾರಿಗೆ ತಗುಲಿತು, ಉರುಳಿತು, ನಿಂತಿತು. ಈಗ ಅದರ ಆಕಾರ ನೋಡಿ.” ಇದಾದ ಮೇಲೆ ಐದು ಸೆಕೆಂಡು ಮೌನ. ಸೈನಿಕ, ಯುದ್ಧ, ಶತ್ರು ಎಂಬ ಮಾತುಗಳನ್ನು ಬಿಳಿ ಕಣಗಳ ಚಿತ್ರಗಳಿಗೆ ಬಿಟ್ಟುಕೊಡಬಹುದು, ಗಾಯ ಮುಚ್ಚುವ ಕೆಲಸದಲ್ಲಿ ಶತ್ರುವೇ ಇಲ್ಲ.

ಕರಡು ಚಿತ್ರವನ್ನು ಮೊದಲು ಒಬ್ಬ ವೈದ್ಯರಿಗೆ ಅಥವಾ ರೋಗಶಾಸ್ತ್ರ ಬಲ್ಲವರಿಗೆ ತೋರಿಸಬೇಕು, ಆಮೇಲೆ ಪಾಠ ಇನ್ನೂ ಆಗದ ತರಗತಿಗೆ. ಮಕ್ಕಳಿಗೆ ಪ್ರಶ್ನೆಪತ್ರಿಕೆ ಕೊಡುವ ಬದಲು, ನೋಡಿದ್ದನ್ನು ನಾಲ್ಕು ಚೌಕಗಳಲ್ಲಿ ಬಿಡಿಸಲು ಹೇಳಿದರೆ ಚಿತ್ರದ ದೋಷ ತಾನಾಗಿ ಹೊರಬೀಳುತ್ತದೆ. ಪ್ಲೇಟ್‌ಲೆಟ್‌ಗಳನ್ನು ನಾಳದ ನಟ್ಟನಡುವೆ ಬಿಡಿಸಿದರೆ ಮೊದಲ ನಿಮಿಷದ ಹರಿವು ಸ್ಪಷ್ಟವಾಗಿಲ್ಲ. ಗಾಯದ ಮೇಲೂ ಅವನ್ನು ದುಂಡನೆಯ ಬಿಲ್ಲೆಯಾಗಿಯೇ ಬಿಡಿಸಿದರೆ ರೂಪಾಂತರದ ಶಾಟ್ ತೀರ ವೇಗವಾಗಿದೆ. ಡೆಂಗಿಯ ಚೌಕದಲ್ಲಿ ಗೋಡೆಯೇ ಇಲ್ಲದಿದ್ದರೆ ಮೂರನೆಯ ನಿಮಿಷವನ್ನು ಮತ್ತೆ ಮಾಡಬೇಕು. ಚಿಕಿತ್ಸೆಯ ಮಾರ್ಗಸೂಚಿಗಳು ಕಾಲಕಾಲಕ್ಕೆ ಬದಲಾಗುವುದರಿಂದ 20,000, 10,000 ಎಂಬ ಅಂಕಿಗಳು ಬರುವ ಶಾಟನ್ನು ಮತ್ತು ಅದರ ಧ್ವನಿಯನ್ನು ಬೇರೆಯ ಕಡತದಲ್ಲಿಟ್ಟು, ಕೊನೆಯ ಫಲಕದಲ್ಲಿ ಪರಿಶೀಲನೆ ನಡೆದ ತಿಂಗಳು ಮತ್ತು ವರ್ಷವನ್ನು ನಮೂದಿಸಬೇಕು.